ಗುಳುಗುಳು ನಿಂತ ಮೇಲೆ: ದಿನಕ್ಕೆ ಮೂರು ಸಿಲಿಂಡರ್ ಆಕ್ಸಿಜನ್ ಎಲ್ಲಿ ಹೋಯಿತು?

ನಾನು ಆಸ್ಪತ್ರೆಯಲ್ಲಿ ಮೇಂಟೆನೆನ್ಸ್ ಕೆಲಸ ಮಾಡುವವನು. ಓದಿದ್ದು ಐಟಿಐ ಫಿಟ್ಟರ್. ಮೊದಲ ಆರು ವರ್ಷ ಒಂದು ಸಕ್ಕರೆ ಕಾರ್ಖಾನೆಯಲ್ಲಿದ್ದೆ, ಆಮೇಲೆ ಆಸ್ಪತ್ರೆಗೆ ಬಂದವನು ಇಲ್ಲೇ ಉಳಿದೆ. ನಲ್ಲಿ ಸೋರಿದರೂ ನಾನೇ, ಲಿಫ್ಟ್ ನಿಂತರೂ ನಾನೇ, ಮಂಚದ ಗಾಲಿ ಕಿರ್ ಅಂದರೂ ನಾನೇ. ಸಿಸ್ಟರ್‌ಗಳಿಗೆ ನನ್ನ ಹೆಸರು ಗೊತ್ತಿದೆ, ಆದರೂ ಕರೆಯುವುದು 'ಮೇಂಟೆನೆನ್ಸ್' ಅಂತಲೇ. ಫೋನಿನಲ್ಲೂ ಹಾಗೇ ಸೇವ್ ಮಾಡಿಕೊಂಡಿದ್ದಾರೆ.

ಈಗ ಹೇಳುವುದು ಎರಡು ಮಳೆಗಾಲದ ಹಿಂದಿನ ಸಂಗತಿ. ಆಸ್ಪತ್ರೆ ಹೆಸರು ಬೇಡ. ಮಲೆನಾಡಿನ ಅಂಚಿನಲ್ಲಿರುವ ಒಂದು ಊರು, ಸುಮಾರು 80 ಹಾಸಿಗೆ, ಮೂರು ಮಹಡಿ, ಅದರಲ್ಲಿ 8 ಹಾಸಿಗೆಯ ಐಸಿಯು. ಇಂಥ ಆಸ್ಪತ್ರೆ ನಿಮ್ಮ ಊರಲ್ಲೂ ಒಂದು ಇದ್ದೇ ಇರುತ್ತದೆ.

ಮೊದಲು ನಮ್ಮ ಆಕ್ಸಿಜನ್ ವ್ಯವಸ್ಥೆ ಹೇಗಿದೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ದ್ರವ ಆಕ್ಸಿಜನ್ ಟ್ಯಾಂಕ್ ಇರುತ್ತದೆ, ಹೊರಗೆ ಬೆಳ್ಳಗೆ ಎತ್ತರಕ್ಕೆ ನಿಂತಿರುತ್ತಲ್ಲ, ಅದು. ನಮ್ಮಲ್ಲಿ ಇರಲಿಲ್ಲ. ನಮ್ಮದು ಸಿಲಿಂಡರ್ ಮ್ಯಾನಿಫೋಲ್ಡ್. ಕಟ್ಟಡದ ಹಿಂದೆ ಒಂದು ಕೋಣೆ, ಅದರಲ್ಲಿ ಎಡಕ್ಕೆ 8 ಸಿಲಿಂಡರ್, ಬಲಕ್ಕೆ 8, ಎಲ್ಲಕ್ಕೂ ಸರಪಳಿ. ಒಂದೊಂದು ಸಾಲಿಗೆ ಬ್ಯಾಂಕ್ ಅನ್ನುತ್ತೇವೆ. ಎಡದ ಬ್ಯಾಂಕ್ ಖಾಲಿಯಾದರೆ ಬಲದ ಬ್ಯಾಂಕಿಗೆ ತಾನಾಗಿ ಬದಲಾಗುತ್ತದೆ, ಗಂಟೆ ಹೊಡೆಯುತ್ತದೆ, ನಾವು ಹೋಗಿ ಖಾಲಿ ತೆಗೆದು ತುಂಬಿದ್ದು ಹಾಕುತ್ತೇವೆ. ಸಿಲಿಂಡರ್‌ಗಳು ಡಿ ಟೈಪ್, ಕಪ್ಪು ಮೈ, ಬಿಳಿ ಹೆಗಲು. ಸುಮಾರು 150 ಕೆಜಿ ಪ್ರೆಶರ್‌ನಲ್ಲಿ (ಚದರ ಸೆಂಟಿಮೀಟರ್‌ಗೆ ಇಷ್ಟು ಕೆಜಿ ಅಂತ ಲೆಕ್ಕ) ತುಂಬಿದರೆ ಒಂದರಲ್ಲಿ 7 ಘನ ಮೀಟರ್, ಅಂದರೆ 7000 ಲೀಟರ್ ಗ್ಯಾಸ್. ರೆಗ್ಯುಲೇಟರ್ ಅದನ್ನು ನಾಲ್ಕು ಕೆಜಿ ಚಿಲ್ಲರೆಗೆ ಇಳಿಸಿ ತಾಮ್ರದ ಪೈಪಿನೊಳಗೆ ಬಿಡುತ್ತದೆ. ಪೈಪು ಪ್ರತಿ ಹಾಸಿಗೆಯ ತಲೆಯ ಹತ್ತಿರ ಗೋಡೆಯಲ್ಲಿ ಒಂದು ಔಟ್‌ಲೆಟ್‌ಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ಸಿಕ್ಕಿಸುವುದು ಫ್ಲೋಮೀಟರ್. ಗಾಜಿನಂಥ ಕೊಳವೆ, ಒಳಗೆ ಸಣ್ಣ ಗುಂಡು, ಪಕ್ಕದಲ್ಲಿ ತಿರುಗಣಿ, ಕೆಳಗೆ ಒಂದು ನೀರಿನ ಬಾಟಲಿ. ಆಸ್ಪತ್ರೆಯಲ್ಲಿ ಯಾರನ್ನಾದರೂ ನೋಡಿಕೊಂಡವರಿಗೆ ಆ ಬಾಟಲಿಯ ಗುಳುಗುಳು ಸದ್ದು ಗೊತ್ತಿರುತ್ತದೆ. ಅದನ್ನು ನೆನಪಿಟ್ಟುಕೊಳ್ಳಿ.

ಬ್ಯಾಂಕ್ ಬದಲಾದ ಸಮಯವನ್ನು ನಾನು ಒಂದು ರಿಜಿಸ್ಟರ್‌ನಲ್ಲಿ ಬರೆಯುತ್ತೇನೆ. ಯಾರೂ ಬರೆಯಿರಿ ಅಂದಿರಲಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಲಾಗ್ ಬರೆದ ಅಭ್ಯಾಸ, ಅಷ್ಟೇ. ನಮ್ಮಲ್ಲಿ ದಿನಕ್ಕೆ ಸರಾಸರಿ 6 ಸಿಲಿಂಡರ್ ಖರ್ಚು. ಹಾಗಾಗಿ 8 ಸಿಲಿಂಡರ್‌ನ ಒಂದು ಬ್ಯಾಂಕ್ ಹೆಚ್ಚುಕಮ್ಮಿ 32 ಗಂಟೆ ಬರುತ್ತಿತ್ತು. ಜುಲೈ ಮೊದಲ ವಾರ ಒಂದು ರಾತ್ರಿ ಗಂಟೆ ಹೊಡೆದಾಗ, ಅರೆ, ನಿನ್ನೆ ರಾತ್ರಿಯೂ ಇದೇ ಹೊತ್ತಿಗೆ ಎದ್ದಿದ್ದೆನಲ್ಲ ಅನ್ನಿಸಿತು. ರಿಜಿಸ್ಟರ್ ತೆಗೆದು ನೋಡಿದರೆ 21 ಗಂಟೆ. ಅದರ ಹಿಂದಿನದು 22. ಅದರ ಹಿಂದಿನದೂ 21. ಲೆಕ್ಕ ಹಾಕಿದರೆ ದಿನಕ್ಕೆ 9 ಸಿಲಿಂಡರ್ ಹೋಗುತ್ತಿದೆ. ಐಸಿಯುನಲ್ಲಿ ರೋಗಿಗಳು ಜಾಸ್ತಿ ಇದ್ದಾರಾ ಅಂತ ಕೇಳಿದೆ, ಇಲ್ಲ, ಎಂದಿನಷ್ಟೇ. ವೆಂಟಿಲೇಟರ್ ಒಂದೇ ಓಡುತ್ತಿತ್ತು. ಹೈ ಫ್ಲೋ ಮಷಿನ್ ಇದ್ದಿದ್ದರೆ ಬೇರೆ ಮಾತು. ಅದು ನಿಮಿಷಕ್ಕೆ 60 ಲೀಟರ್ ಪೂರ್ತಿ ಆಕ್ಸಿಜನ್ ಎಳೆದರೆ ಒಂದೇ ರೋಗಿಗೆ ದಿನಕ್ಕೆ 12 ಸಿಲಿಂಡರ್ ಮುಗಿಸಿಬಿಡುತ್ತದೆ. ಕೋವಿಡ್ ಎರಡನೇ ಅಲೆಯಲ್ಲಿ ಆಸ್ಪತ್ರೆಗಳಿಗೆ ಎಷ್ಟು ತಂದರೂ ಸಾಲದೆ ಹೋದದ್ದಕ್ಕೆ ಅದೂ ಒಂದು ಕಾರಣ. ನಮ್ಮ ಹೈ ಫ್ಲೋ ಮಷಿನ್ ಆ ತಿಂಗಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಮೂಲೆಯಲ್ಲಿ ಕೂತಿತ್ತು.

ಮರುದಿನ ಬೆಳಿಗ್ಗೆ ಅಡ್ಮಿನ್‌ಗೆ ಹೇಳಿದೆ. ಅಷ್ಟರಲ್ಲಿ ಅಕೌಂಟ್ಸ್‌ನವರೂ ಜೂನ್ ಬಿಲ್ ಹಿಡಿದುಕೊಂಡು ಅಲ್ಲೇ ಕೂತಿದ್ದರು. ಆಕ್ಸಿಜನ್ ಅಂದ ತಕ್ಷಣ ಎಲ್ಲರ ಮುಖ ಬದಲಾಗುತ್ತದೆ, ಅದೂ ನಮ್ಮ ರಾಜ್ಯದಲ್ಲಿ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ರೋಗಿಗಳು ಸತ್ತದ್ದನ್ನು ಆಸ್ಪತ್ರೆ ಕೆಲಸದವರು ಯಾರೂ ಮರೆತಿಲ್ಲ. ಆ ದಿನಗಳಲ್ಲಿ ನಾನು ಮ್ಯಾನಿಫೋಲ್ಡ್ ಕೋಣೆಯ ಬಾಗಿಲಲ್ಲೇ ಚಾಪೆ ಹಾಕಿ ಮಲಗುತ್ತಿದ್ದೆ. ಗೇಜ್ ಮುಳ್ಳು ಇಳಿಯುವುದನ್ನು ನೋಡುತ್ತಾ ಲಾರಿ ಸದ್ದಿಗೆ ಕಾಯುವುದು ಏನು ಅಂತ ನನಗೆ ಗೊತ್ತು.

ಆದರೆ ಆ ಮೀಟಿಂಗ್‌ನಲ್ಲಿ ಮಾತು ಹೋದದ್ದು ಬೇರೆ ಕಡೆಗೆ. ದಿನಕ್ಕೆ 3 ಅಂದರೆ ತಿಂಗಳಿಗೆ 90 ಸಿಲಿಂಡರ್. 'ಇಷ್ಟೊಂದು ಯಾರೋ ಹೊಡೀತಿದಾರೆ' ಅಂದರು ಅಕೌಂಟ್ಸ್‌ನವರು. ಹೊಡೆಯುವವರು ಯಾರು? ಒಂದೋ ಗ್ಯಾಸ್ ಸಪ್ಲೈ ಮಾಡುವವರು ಅರ್ಧ ತುಂಬಿದ ಸಿಲಿಂಡರ್ ಕೊಡುತ್ತಿರಬೇಕು, ಇಲ್ಲ ನಮ್ಮವರೇ ಯಾರೋ ವೆಲ್ಡಿಂಗ್ ಶಾಪಿಗೆ ಮಾರುತ್ತಿರಬೇಕು. ನಮ್ಮವರು ಅಂದರೆ ಮ್ಯಾನಿಫೋಲ್ಡ್ ಕೀಲಿ ಇರುವವರು. ಅಂದರೆ ನಾನು ಮತ್ತು ನನ್ನ ನೈಟ್ ಹೆಲ್ಪರ್, 22 ವರ್ಷದ ಹುಡುಗ. ನನ್ನ ಮುಖ ನೋಡಿ ಯಾರೂ ಹೇಳಲಿಲ್ಲ. ಹುಡುಗನನ್ನು ಮಾತ್ರ ಒಳಗೆ ಕರೆದು ಮುಕ್ಕಾಲು ಗಂಟೆ ಕೂರಿಸಿಕೊಂಡರು. ಹೊರಗೆ ಬಂದವನು ಏನೂ ಹೇಳದೆ ಸೀದಾ ಹೋಗಿ ಡಿಜಿ (ಡೀಸೆಲ್ ಜನರೇಟರ್) ಕೋಣೆ ಗುಡಿಸಲು ಶುರುಮಾಡಿದ. ಅದನ್ನು ಅವನು ಬೆಳಿಗ್ಗೆಯೇ ಗುಡಿಸಿದ್ದ.

ನನಗೆ ಸಿಟ್ಟು ಬಂದದ್ದು ನಿಜ. ತುಂಬಿದ ಡಿ ಟೈಪ್ ಸಿಲಿಂಡರ್ ಅರವತ್ತು ಕೆಜಿ ಮೇಲೆ ತೂಗುತ್ತದೆ, ಜೇಬಿಗೆ ಹಾಕಿಕೊಂಡು ಹೋಗುವ ವಸ್ತುವಲ್ಲ. ಪ್ರತಿ ಸಿಲಿಂಡರ್ ಹೆಗಲ ಮೇಲೆ ನಂಬರ್ ಕೊರೆದಿರುತ್ತದೆ, ಬಂದ ನಂಬರ್ ಹೋಗಲೇಬೇಕು, ಗೇಟ್ ಪಾಸ್‌ನಲ್ಲಿ ಒಂದೂ ತಪ್ಪಿರಲಿಲ್ಲ. ಸಿಲಿಂಡರ್ ಬಿಟ್ಟು ಗ್ಯಾಸ್ ಮಾತ್ರ ಕದಿಯಬೇಕು ಅಂದರೆ ಇನ್ನೊಂದು ಸಿಲಿಂಡರ್ ತಂದು ಪಕ್ಕದಲ್ಲಿಟ್ಟು ಪೈಪ್ ಕಟ್ಟಿ ತುಂಬಿಸಬೇಕು, ಅದೂ ಸಿಸಿ ಕ್ಯಾಮೆರಾ ಎದುರು. ಇದನ್ನೆಲ್ಲ ಹೇಳಿದೆ. 'ಹಾಗಾದ್ರೆ ಗ್ಯಾಸ್ ಎಲ್ಲಿ ಹೋಯ್ತು, ನೀವೇ ಹೇಳಿ' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲು ಸಪ್ಲೈಯರ್ ವಿಷಯ ಮುಗಿಸೋಣ ಅಂತ ಮಾಡಿದೆ, ಯಾಕಂದರೆ ಅದು ಸುಲಭ. ಬಂದ ಸಿಲಿಂಡರ್‌ಗೆ ಗೇಜ್ ಹಾಕಿ ಪ್ರೆಶರ್ ನೋಡುವುದು ಒಂದು. ಗೇಜ್ ಮೇಲೂ ನಂಬಿಕೆ ಇಲ್ಲದಿದ್ದರೆ ತೂಗಿ ನೋಡುವುದು ಇನ್ನೊಂದು. 7 ಘನ ಮೀಟರ್ ಆಕ್ಸಿಜನ್ ಒಂಬತ್ತೂವರೆ ಕೆಜಿ ಆಸುಪಾಸು ತೂಗುತ್ತದೆ. ಗಾಳಿಗೆ ತೂಕ ಇದೆ ಅಂತ ಸ್ಕೂಲಿನಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಸ್ಟೋರ್ಸ್‌ನ ಪ್ಲಾಟ್‌ಫಾರ್ಮ್ ತಕ್ಕಡಿ ಮೇಲೆ. ಒಂದೇ ಲೋಡಿನ 12 ಸಿಲಿಂಡರ್ ತೂಗಿ ನಂಬರ್ ಸಮೇತ ಬರೆದುಕೊಂಡೆ, ಖಾಲಿಯಾದ ಮೇಲೆ ಮತ್ತೆ ತೂಗಿದೆ. ಹತ್ತು ಸರಿಯಾಗಿದ್ದವು. ಎರಡರಲ್ಲಿ ಸ್ವಲ್ಪ ಕಮ್ಮಿ, 120-125 ಕೆಜಿ ಪ್ರೆಶರ್ ಅಷ್ಟೇ ಇತ್ತು. ಎಲ್ಲ ಕಡೆ ಅಷ್ಟು ಏರುಪೇರು ಇರುತ್ತದೆ, ದಿನಕ್ಕೆ ಮೂರು ಸಿಲಿಂಡರ್ ಮಾಯವಾಗುವುದಕ್ಕೆ ಅದು ಸಾಲುವುದಿಲ್ಲ. ಲಾರಿ ಡ್ರೈವರ್ ಮಾತ್ರ ನಾನು ತೂಗುವುದನ್ನು ನೋಡುತ್ತಾ, 'ಏನ್ ಸಾರ್, ನಾವೇನು ಅಕ್ಕಿ ವ್ಯಾಪಾರ ಮಾಡ್ತೀವಾ' ಅಂತ ಬೇಜಾರು ಮಾಡಿಕೊಂಡ.

ಉಳಿದದ್ದು ಪೈಪು.

ಪೈಪಿನಲ್ಲಿ ಲೀಕ್ ಹುಡುಕುವುದು ಹೇಳಿದಷ್ಟು ಸುಲಭವಲ್ಲ. ನೀರಾದರೆ ಗೋಡೆ ಒದ್ದೆಯಾಗುತ್ತದೆ, ಅಡುಗೆ ಗ್ಯಾಸ್ ಆದರೆ ವಾಸನೆ ಬರುತ್ತದೆ. ಆಕ್ಸಿಜನ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೋದದ್ದು ಗೊತ್ತೇ ಆಗುವುದಿಲ್ಲ. ಆದರೆ ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೆ ಬಹಳ ಅಪಾಯ, ಬಟ್ಟೆ ಕೂದಲೆಲ್ಲ ಒಂದು ಕಿಡಿಗೆ ಹತ್ತಿಕೊಳ್ಳುತ್ತವೆ. ಎಣ್ಣೆ, ಗ್ರೀಸ್ ಅಂತೂ ಹತ್ತಿರ ತರುವ ಹಾಗೇ ಇಲ್ಲ. ಜಾಸ್ತಿ ಪ್ರೆಶರ್‌ನ ಆಕ್ಸಿಜನ್ ತಗುಲಿದರೆ ಎಣ್ಣೆ ಬೆಂಕಿಕಡ್ಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು. ನಮ್ಮ ಕಡೆ ಹುಡುಗರು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಅದೇ ಕೈಯಲ್ಲಿ ಕೆಲಸಕ್ಕೆ ಬರುತ್ತಾರೆ, ಹಾಗಾಗಿ ಮ್ಯಾನಿಫೋಲ್ಡ್ ಕೋಣೆ ಬಾಗಿಲಲ್ಲಿ ಸೋಪು, ನೀರು ಇಟ್ಟಿದ್ದೇನೆ. ಕೈ ತೊಳೆಯದೆ ವಾಲ್ವ್ ಮುಟ್ಟಿದರೆ ಬೈಗುಳ ಗ್ಯಾರಂಟಿ.

ಲೀಕ್ ನೋಡುವ ವಿಧಾನ ಇದು. ಒಂದೊಂದು ಮಹಡಿಗೆ ಒಂದೊಂದು ಜೋನ್ ವಾಲ್ವ್ ಇರುತ್ತದೆ, ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ. ಅದನ್ನು ಮುಚ್ಚಿದರೆ ಆ ಮಹಡಿಯ ಪೈಪಿನಲ್ಲಿ ಇದ್ದಷ್ಟು ಗ್ಯಾಸ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಲ್ಲೂ ಸೋರದಿದ್ದರೆ ಗೇಜ್ ಮುಳ್ಳು ಅಲ್ಲಾಡಬಾರದು. ಆದರೆ ವಾಲ್ವ್ ಮುಚ್ಚಿದರೆ ಆ ಮಹಡಿಯ ರೋಗಿಗಳ ಗತಿ? ಅದಕ್ಕೇ ಇದನ್ನು ಮೇಂಟೆನೆನ್ಸ್‌ನವರು ಒಬ್ಬರೇ ಹೋಗಿ ಮಾಡುವ ಹಾಗಿಲ್ಲ. ಡ್ಯೂಟಿ ಡಾಕ್ಟರ್ ಒಪ್ಪಬೇಕು, ಸಿಸ್ಟರ್ ಜೊತೆಗಿರಬೇಕು. ಮೊದಲ ಮಹಡಿಯ ಜನರಲ್ ವಾರ್ಡ್‌ನಲ್ಲಿ 24 ಹಾಸಿಗೆ, ಆ ರಾತ್ರಿ ಐದು ಜನಕ್ಕೆ ಆಕ್ಸಿಜನ್ ನಡೆಯುತ್ತಿತ್ತು. ಐದೂ ಜನಕ್ಕೆ ಸಣ್ಣ ಬಿ ಟೈಪ್ ಸಿಲಿಂಡರ್ ತಂದು ಬದಲಾಯಿಸಿದೆವು. ಅದರಲ್ಲಿ 1500 ಲೀಟರ್ ಇರುತ್ತದೆ, ನಿಮಿಷಕ್ಕೆ 4 ಲೀಟರ್ ಕೊಟ್ಟರೆ ಆರು ಗಂಟೆ ಬರುತ್ತದೆ. ನಮಗೆ ಬೇಕಾದದ್ದು ಅರ್ಧ ಗಂಟೆ.

ರಾತ್ರಿ ಎರಡು ಗಂಟೆ. ಹೊರಗೆ ಆಷಾಢದ ಮಳೆ, ಶೀಟಿನ ಮೇಲೆ ಕಲ್ಲು ಸುರಿದ ಹಾಗೆ. ನಾನು ಒಂದು ಕಡೆಯಿಂದ, ಸಿಸ್ಟರ್ ಇನ್ನೊಂದು ಕಡೆಯಿಂದ ಗೋಡೆಯಲ್ಲಿದ್ದ ಎಲ್ಲ ಫ್ಲೋಮೀಟರ್‌ಗಳ ತಿರುಗಣಿ ಮುಚ್ಚುತ್ತಾ ಬಂದೆವು. ಯಾವುದೂ ಓಪನ್ ಇರಬಾರದು, ಇದ್ದರೆ ಟೆಸ್ಟ್ ಕೆಡುತ್ತದೆ. ಆಮೇಲೆ ಜೋನ್ ವಾಲ್ವ್ ಮುಚ್ಚಿ ಟಾರ್ಚ್ ಹಿಡಿದು ಗೇಜ್ ಮುಂದೆ ನಿಂತೆ. 4.2 ಇತ್ತು. ಹತ್ತು ನಿಮಿಷಕ್ಕೆ 3.1ಕ್ಕೆ ಬಂತು.

ಸಿಕ್ಕಿತು ಅಂದುಕೊಂಡೆ! ಲೀಕ್ ಟೆಸ್ಟ್ ದ್ರಾವಣ ಹಿಡಿದು ಒಂದೊಂದೇ ಔಟ್‌ಲೆಟ್‌ಗೆ ಬ್ರಷ್‌ನಲ್ಲಿ ಹಚ್ಚುತ್ತಾ ಹೋದೆ. ಮೊದಲೆಲ್ಲ ನಾವು ಪಾತ್ರೆ ತೊಳೆಯುವ ಸೋಪಿನ ನೀರೇ ಹಚ್ಚುತ್ತಿದ್ದೆವು, ಅದು ತಪ್ಪು, ಆಕ್ಸಿಜನ್‌ಗೆ ಅಂತಲೇ ಬೇರೆ ದ್ರಾವಣ ಸಿಗುತ್ತದೆ. ನಾಲ್ಕು ಔಟ್‌ಲೆಟ್‌ಗಳಲ್ಲಿ ಗುಳ್ಳೆ ಎದ್ದಿತು. ಒಂದರಲ್ಲಿ ಸಾಸಿವೆ ಗಾತ್ರದ ಗುಳ್ಳೆ ನಿಧಾನಕ್ಕೆ ಊದಿ ಕಡಲೆ ಗಾತ್ರಕ್ಕೆ ಬಂದು ಒಡೆಯುತ್ತಿತ್ತು, ಮತ್ತೆ ಊದುತ್ತಿತ್ತು. ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ. ಒಳಗಿನ ಓ ರಿಂಗ್‌ಗಳು, ಅಂದರೆ ಸೋರದ ಹಾಗೆ ತಡೆಯುವ ರಬ್ಬರ್ ಬಳೆಗಳು, ಸವೆದಿದ್ದವು. ಬೆಳಗಿನ ಜಾವದೊಳಗೆ ನಾಲ್ಕನ್ನೂ ಬದಲಾಯಿಸಿ, ಮತ್ತೆ ಟೆಸ್ಟ್ ಮಾಡಿ, ಮುಳ್ಳು ನಿಂತದ್ದು ನೋಡಿ ರೋಗಿಗಳನ್ನು ಪೈಪಿಗೆ ವಾಪಸ್ ಕೊಟ್ಟೆವು. ಮರುರಾತ್ರಿ ಎರಡನೇ ಮಹಡಿ, ಅಲ್ಲಿ ಮುಳ್ಳು ಅಲ್ಲಾಡಲೇ ಇಲ್ಲ. ಐಸಿಯು ಲೈನ್ ಮುಚ್ಚುವ ಧೈರ್ಯ ಯಾರೂ ಮಾಡಲಿಲ್ಲ, ಅಲ್ಲಿ ಸುಮ್ನೆ ದ್ರಾವಣ ಹಚ್ಚಿ ನೋಡಿದೆ, ಚೆನ್ನಾಗಿತ್ತು.

ಅಡ್ಮಿನ್‌ಗೆ ಹೋಗಿ ಲೀಕ್ ಸಿಕ್ಕಿತು ಸಾರ್ ಅಂದೆ. ಹುಡುಗನಿಗೂ ಹೇಳಿದೆ. ಎರಡು ದಿನ ಬಿಟ್ಟು ರಿಜಿಸ್ಟರ್ ನೋಡಿದೆ. 21 ಗಂಟೆ ಬರುತ್ತಿದ್ದ ಬ್ಯಾಂಕ್ ಈಗ 22 ಗಂಟೆ ಬರುತ್ತಿತ್ತು. ಅಷ್ಟೇ.

ಲೆಕ್ಕವನ್ನು ಮೊದಲೇ ಹಾಕಬೇಕಿತ್ತು, ಖುಷಿಯಲ್ಲಿ ಹಾಕಿರಲಿಲ್ಲ. ಆ ಮಹಡಿಯಲ್ಲಿ ಪೈಪು ಸುಮಾರು 100 ಮೀಟರ್, 15 ಎಂಎಂ ತಾಮ್ರ. ಅದರ ಹೊಟ್ಟೆಯಲ್ಲಿ ಹಿಡಿಯುವುದು ಹದಿನಾಲ್ಕು ಹದಿನೈದು ಲೀಟರ್ ಜಾಗ. ಅದರಲ್ಲಿ ಪ್ರೆಶರ್ 1.1 ಇಳಿದರೆ ಹೊರಗೆ ಹೋದದ್ದು 16 ಲೀಟರ್ ಗ್ಯಾಸ್. ಹತ್ತು ನಿಮಿಷಕ್ಕೆ 16, ನಿಮಿಷಕ್ಕೆ ಒಂದೂವರೆ ಲೀಟರ್ ಚಿಲ್ಲರೆ, ದಿನಕ್ಕೆ 2300. ಅಂದರೆ ಮೂರು ದಿನಕ್ಕೆ ಒಂದು ಸಿಲಿಂಡರ್. ನಾನು ಹುಡುಕುತ್ತಿದ್ದದ್ದು ದಿನಕ್ಕೆ ಮೂರು. ಗೇಜ್ ಮುಳ್ಳು ಅಷ್ಟು ಜೋರಾಗಿ ಬಿದ್ದದ್ದು ನೋಡಿ ದೊಡ್ಡ ಲೀಕ್ ಅಂದುಕೊಂಡಿದ್ದೆ. ಸಣ್ಣ ಪೈಪಿನಲ್ಲಿ ಸಣ್ಣ ಲೀಕ್ ಕೂಡ ಮುಳ್ಳನ್ನು ಹಾಗೆ ಬೀಳಿಸುತ್ತದೆ.

ಆ ನಾಲ್ಕು ದಿನ ನನಗೆ ಯಾರ ಜೊತೆಗೂ ಮಾತು ಬೇಡವಾಗಿತ್ತು. ಮೇಂಟೆನೆನ್ಸ್‌ನವರ ಸಮಾಚಾರ ಹೀಗೇ, ಎಲ್ಲ ಸರಿಯಾಗಿ ಓಡುತ್ತಿದ್ದರೆ ನಾವು ಇದ್ದೇವೆ ಅಂತಲೇ ಗೊತ್ತಿರುವುದಿಲ್ಲ, ಕೆಟ್ಟರೆ ಮಾತ್ರ ನೆನಪಾಗುತ್ತೇವೆ. ಇರಲಿ.

ಐದನೇ ದಿನ ಮಧ್ಯಾಹ್ನ ಮೊದಲ ಮಹಡಿಯಲ್ಲಿ 17ನೇ ಹಾಸಿಗೆಯ ಗಾಲಿ ಸಿಕ್ಕಿಕೊಂಡಿದೆ ಅಂತ ಫೋನ್ ಬಂತು. ಹಾಸಿಗೆ ಖಾಲಿ, ಬೆಳಿಗ್ಗೆ ಡಿಸ್ಚಾರ್ಜ್ ಆಗಿತ್ತು, ಹೊಸ ಶೀಟ್ ಹಾಕಿ ನೀಟಾಗಿ ಇಟ್ಟಿದ್ದರು. ನಾನು ಮಂಚದ ಕೆಳಗೆ ಅಂಗಾತ ಮಲಗಿ ಗಾಲಿ ಬಿಚ್ಚುತ್ತಿದ್ದೆ. ಆಗ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಕೆಇಬಿ ಕರೆಂಟ್ ಹೋಗುವುದು ಹೊಸದೇನಲ್ಲ (ಕೆಇಬಿ ಹೋಗಿ ಎಷ್ಟೋ ವರ್ಷ ಆಯಿತು, ನಮ್ಮ ಬಾಯಿಂದ ಮಾತ್ರ ಹೋಗಿಲ್ಲ). ಡಿಜಿ ಶುರುವಾಗಿ ಲೋಡ್ ತೆಗೆದುಕೊಳ್ಳಲು ಏಳೆಂಟು ಸೆಕೆಂಡ್ ಬೇಕು. ಆ ಏಳೆಂಟು ಸೆಕೆಂಡ್ ವಾರ್ಡ್‌ನ ಫ್ಯಾನ್‌ಗಳೆಲ್ಲ ನಿಂತವು. ಹೊರಗೆ ಮಳೆಯೂ ಬಿಟ್ಟಿತ್ತು. ಪೂರ್ತಿ ನಿಶ್ಶಬ್ದ.

ಆಗ ಕೇಳಿಸಿತು. ನನ್ನ ತಲೆಯ ಮೇಲೆಯೇ. ಸುಸ್ಸ್ಸ್ ಅಂತ, ಕುಕ್ಕರ್ ಕೂಗುವ ಮೊದಲು ಬರುವ ಹಾಗೆ ತೆಳ್ಳಗೆ.

ಡಿಜಿ ಬಂತು, ಫ್ಯಾನ್ ತಿರುಗಿತು, ಸದ್ದು ಮುಚ್ಚಿಹೋಯಿತು. ಎದ್ದು ನೋಡಿದೆ. ಖಾಲಿ ಹಾಸಿಗೆಯ ಫ್ಲೋಮೀಟರ್‌ನಲ್ಲಿ ಗುಂಡು 5ರ ಗೆರೆಯ ಮೇಲೆ, ಅಂದರೆ ನಿಮಿಷಕ್ಕೆ 5 ಲೀಟರ್‌ನಲ್ಲಿ, ನಿಂತು ಸಣ್ಣಗೆ ನಡುಗುತ್ತಿತ್ತು. ಮಾಸ್ಕ್ ಅನ್ನು ಯಾರೋ ಸುರುಳಿ ಸುತ್ತಿ ಕೊಕ್ಕೆಗೆ ಚೆನ್ನಾಗಿ ನೇತುಹಾಕಿದ್ದರು. ಅದು ಬೆಳಿಗ್ಗೆಯಿಂದ ಗೋಡೆಗೆ ಆಕ್ಸಿಜನ್ ಕೊಡುತ್ತಿತ್ತು. ಕೆಳಗಿನ ಬಾಟಲಿ ನೋಡಿದೆ. ಒಣಗಿತ್ತು. ಒಂದು ಹನಿ ನೀರಿಲ್ಲ.

ನಾನು ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ. ಆ ರಾತ್ರಿ ಟೆಸ್ಟ್‌ಗೆ ಮೊದಲು ಫ್ಲೋಮೀಟರ್ ಮುಚ್ಚುತ್ತಾ ಬಂದದ್ದು ನೆನಪಾಯಿತು. ನನ್ನ ಕಡೆಯ ಸಾಲಿನಲ್ಲೇ ಎರಡು ತಿರುಗಣಿ ಓಪನ್ ಇದ್ದವು, ನಾನೇ ನನ್ನ ಕೈಯಾರೆ ಮುಚ್ಚಿದ್ದೆ, ಆ ಹಾಸಿಗೆಗಳ ಮೇಲೆ ಯಾರೂ ಇರಲಿಲ್ಲ. ತಲೆ ಪೂರ್ತಿ ಪೈಪಿನಲ್ಲಿತ್ತು, ಹಾಗಾಗಿ ಕೈ ಮಾಡಿದ್ದು ತಲೆಗೆ ತಲುಪಲಿಲ್ಲ. ಯಾವುದನ್ನು ಹುಡುಕುತ್ತಿದ್ದೆನೋ ಅದನ್ನು ಮುಚ್ಚಿಯೇ ಟೆಸ್ಟ್ ಶುರುಮಾಡಿದ್ದೆ. ಟೆಸ್ಟ್ ಮುಗಿದ ಮೇಲೆ ಎಲ್ಲ ಮತ್ತೆ ಎಂದಿನ ಹಾಗೆ.

ಮೂರು ರಾತ್ರಿ ಎರಡು ಗಂಟೆಗೆ ನೋಟ್‌ಬುಕ್ ಹಿಡಿದು ಎರಡೂ ಮಹಡಿ ಸುತ್ತಿದೆ. ಏನನ್ನೂ ಮುಚ್ಚಲಿಲ್ಲ, ಬರೆದುಕೊಂಡೆ. ರೋಗಿ ಇಲ್ಲದ ಹಾಸಿಗೆ, ಅಥವಾ ರೋಗಿ ಮಾಸ್ಕ್ ತೆಗೆದಿಟ್ಟು ಮಲಗಿರುವ ಹಾಸಿಗೆ, ಅಲ್ಲೆಲ್ಲ ಗುಂಡು ಎಷ್ಟರಲ್ಲಿದೆ ಅಂತ. ಎರಡನೆಯದರ ಬಗ್ಗೆ ಡ್ಯೂಟಿ ಸಿಸ್ಟರ್‌ಗೆ ಕೂಡಲೇ ಹೇಳಿದೆ, ಅದು ನನ್ನ ಕೈ ಹಾಕುವ ಜಾಗವಲ್ಲ. ಮೊದಲ ರಾತ್ರಿ ಎಲ್ಲ ಕೂಡಿಸಿ 11 ಲೀಟರ್, ಎರಡನೇ ರಾತ್ರಿ 16, ಮೂರನೇ ರಾತ್ರಿ 13. ಸರಾಸರಿ 13 ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 13 ಲೀಟರ್ ಅಂದರೆ ದಿನಕ್ಕೆ 18,720. ಎರಡೂಮುಕ್ಕಾಲು ಸಿಲಿಂಡರ್ ಹತ್ತಿರ ಹತ್ತಿರ. ಓ ರಿಂಗ್ ಲೀಕ್ ಸೇರಿಸಿದರೆ ಮೂರು. ಇಷ್ಟು ಸರಿಯಾಗಿ ಕೂತದ್ದು ಅದೃಷ್ಟ ಅಂತಲೇ ಹೇಳಬೇಕು, ಯಾಕಂದರೆ ಆ ಫ್ಲೋಮೀಟರ್‌ಗಳೇನೂ ಕರಾರುವಾಕ್ಕಲ್ಲ. ಒಂದೇ ಒಂದು ಲೆಕ್ಕ ಮಾತ್ರ ಎಲ್ಲರೂ ಬಾಯಿಪಾಠ ಮಾಡಿಕೊಳ್ಳಬಹುದು: 5 ಲೀಟರ್‌ಗೆ ಬಿಟ್ಟ ಒಂದು ಫ್ಲೋಮೀಟರ್ ಒಂದು ದಿನಕ್ಕೆ 7200 ಲೀಟರ್ ಬಿಡುತ್ತದೆ, ಅಂದರೆ ಒಂದು ಇಡೀ ಡಿ ಟೈಪ್ ಸಿಲಿಂಡರ್.

ಆದರೆ ಇದು ಈಗ ಯಾಕೆ ಶುರುವಾಯಿತು? ಜನ ಫ್ಲೋಮೀಟರ್ ಮುಚ್ಚಲು ಮರೆಯುವುದು ಹೊಸದಲ್ಲ. ಸಿಸ್ಟರ್‌ಗಳೂ ಅವರೇ, ಆಯಾಗಳೂ ಅವರೇ. ಉತ್ತರ ಆ ಒಣ ಬಾಟಲಿಯಲ್ಲಿತ್ತು.

ಇನ್ಫೆಕ್ಷನ್ ಕಂಟ್ರೋಲ್ ಸಿಸ್ಟರ್‌ನ ಕೇಳಿದೆ. ಜೂನ್ ಮಧ್ಯದಿಂದ ಹೊಸ ನಿಯಮ ಬಂದಿತ್ತು. ನಿಮಿಷಕ್ಕೆ 4 ಲೀಟರ್‌ಗಿಂತ ಕಮ್ಮಿ ಆಕ್ಸಿಜನ್ ಕೊಡುವಾಗ ಬಾಟಲಿಗೆ ನೀರು ಹಾಕುವುದು ಬೇಡ, ಅಷ್ಟು ಕಮ್ಮಿ ಹರಿವಿಗೆ ಮೂಗಿನ ತೇವವೇ ಸಾಕು. ಜಾಸ್ತಿ ಕೊಡುವಾಗ ಬೇಕಾದರೆ ಸ್ಟೆರೈಲ್ ನೀರು ಮಾತ್ರ. ನಿಯಮ ಸರಿಯಾಗಿಯೇ ಇದೆ. ಆ ಬಾಟಲಿಗಳಿಗೆ ನಲ್ಲಿ ನೀರು ತುಂಬಿ ದಿನಗಟ್ಟಲೆ ಬಿಟ್ಟರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಸೀದಾ ರೋಗಿಯ ಶ್ವಾಸಕೋಶಕ್ಕೆ ಹೋಗುತ್ತದೆ. ಹಳೆ ಬಾಟಲಿಗಳ ತಳದಲ್ಲಿ ಹಸಿರು ಪಾಚಿ ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ವಾರ್ಡ್‌ನಲ್ಲಿ ಆದದ್ದು ಏನೆಂದರೆ, 4 ಲೀಟರ್ ಮೇಲೆ ಕೆಳಗೆ ಅಂತ ಯಾರು ನೋಡುತ್ತಾರೆ, ಎಲ್ಲ ಬಾಟಲಿಯನ್ನೂ ಒಣಗಿಸಿಬಿಟ್ಟರು. ನೀರು ಹೋದ ಜೊತೆಗೆ ಗುಳುಗುಳು ಸದ್ದೂ ಹೋಯಿತು.

ಆ ಸದ್ದು ಒಂದು ಅಲಾರಂ ಆಗಿತ್ತು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಖಾಲಿ ಹಾಸಿಗೆಯ ಪಕ್ಕ ಹೋಗುವ ಸಿಸ್ಟರ್, ಆಯಾ, ಕೊನೆಗೆ ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ ಕೂಡ, ಗುಳುಗುಳು ಕೇಳಿದರೆ 'ಇದನ್ನ ಆಫ್ ಮಾಡಿಲ್ವಾ' ಅಂತ ಕೈ ಹಾಕುತ್ತಿದ್ದರು. ಒಣ ಬಾಟಲಿಯಿಂದ ಬರುವ ಸುಸ್ ಸದ್ದು ಫ್ಯಾನ್ ಸದ್ದಿನಲ್ಲಿ, ಮಳೆ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಗುಂಡು ಕಾಣಬೇಕಾದರೆ ಹತ್ತಿರ ಹೋಗಿ ಬಗ್ಗಿ ನೋಡಬೇಕು. ರಿಜಿಸ್ಟರ್ ಹಿಂದಕ್ಕೆ ತಿರುವಿದೆ. ಬ್ಯಾಂಕ್ ಬರುವ ಸಮಯ 31, 32 ಇದ್ದದ್ದು ಜೂನ್ ಮೂರನೇ ವಾರದಿಂದ 28, 25, 23 ಅಂತ ಇಳಿಯುತ್ತಾ ಬಂದಿತ್ತು. ನಾನೇ ಬರೆದ ಅಂಕಿಗಳು. ಬರೆಯುತ್ತಿದ್ದೆ, ನೋಡುತ್ತಿರಲಿಲ್ಲ.

ಇದನ್ನು ಹೇಳಿದಾಗ ಸಿಸ್ಟರ್ ಇನ್‌ಚಾರ್ಜ್‌ಗೆ ಬೇಸರವಾಯಿತು. 'ಅಂದ್ರೆ ನಮ್ಮ ತಪ್ಪು ಅಂತೀರಾ?' ಅಂದರು. 24 ಹಾಸಿಗೆಗೆ ರಾತ್ರಿ ಇಬ್ಬರು ಸಿಸ್ಟರ್ ಇರುವ ವಾರ್ಡ್ ಅದು, ಅವರನ್ನು ದೂರುವ ಮನಸ್ಸು ನನಗೆ ಇರಲಿಲ್ಲ. ಆದರೂ ಒಂದು ಮಾತು ಹೇಳಿದೆ. ಗೋಡೆಯೊಳಗಿನ ಪೈಪು ನನ್ನದು ಅಂತ ನಾನು ತಿಳಿದಿದ್ದೇನೆ, ರೋಗಿಯ ಮೂಗಿನ ಮೇಲಿನ ಮಾಸ್ಕ್ ನಿಮ್ಮದು ಅಂತ ನೀವು ತಿಳಿದಿದ್ದೀರಿ, ಮಧ್ಯದ ಫ್ಲೋಮೀಟರ್ ಯಾರದ್ದು? ಅವರಿಗೂ ಗೊತ್ತಿರಲಿಲ್ಲ. ಕೆಟ್ಟರೆ ಬಯೋಮೆಡಿಕಲ್‌ನವರದ್ದು (ಆಸ್ಪತ್ರೆಯ ಮಷಿನ್ ರಿಪೇರಿ ಮಾಡುವವರದ್ದು) ಅಂದರು. ಕೋವಿಡ್ ಸಮಯದಲ್ಲಿ ಮಹಾರಾಷ್ಟ್ರದ ನಂದೂರ್ಬಾರ್ ಜಿಲ್ಲೆಯಲ್ಲಿ 'ಆಕ್ಸಿಜನ್ ನರ್ಸ್' ಅಂತಲೇ ನೇಮಿಸಿ, ಯಾರಿಗೆ ಎಷ್ಟು ಹೋಗುತ್ತಿದೆ ಅಂತ ನೋಡಿಕೊಳ್ಳಲು ಬಿಟ್ಟಿದ್ದರು. ನಮ್ಮಂಥ ಆಸ್ಪತ್ರೆಯಲ್ಲಿ ಅದಕ್ಕೆ ಬೇರೆ ಆಳು ಎಲ್ಲಿಂದ ತರುವುದು?

ಅಡ್ಮಿನ್ ಸರ್ಕ್ಯುಲರ್ ಹೊರಡಿಸೋಣ ಅಂದರು. ಹೊರಡಿಸಿದರು ಕೂಡ, ನೋಟಿಸ್ ಬೋರ್ಡ್‌ನಲ್ಲಿ ಒಂದು ವಾರ ಇತ್ತು. ಕೆಲಸಕ್ಕೆ ಬಂದದ್ದು ಆಯಾ ಒಬ್ಬರು ಹೇಳಿದ ಮಾತು. ರೋಗಿ ಹೋದ ಮೇಲೆ ಹಾಸಿಗೆ ಹತ್ತಿರ ಮೊದಲು ಬರುವುದು ಸಿಸ್ಟರ್ ಅಲ್ಲ, ಡಾಕ್ಟರ್ ಅಂತೂ ಅಲ್ಲವೇ ಅಲ್ಲ, ಶೀಟ್ ತೆಗೆಯಲು ಬರುವ ಆಯಾ. 'ನಾವೇ ಕಿತ್ತು ಇಟ್ಟುಬಿಡ್ಲಾ?' ಅಂತ ಕೇಳಿದರು. ಔಟ್‌ಲೆಟ್ ಹೇಗಿದೆ ಅಂದರೆ ಫ್ಲೋಮೀಟರ್ ಎಳೆದ ತಕ್ಷಣ ಒಳಗಿನ ಸ್ಪ್ರಿಂಗ್ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ತಿರುಗಣಿ ಎಡಕ್ಕೋ ಬಲಕ್ಕೋ ಅನ್ನುವ ಗೊಂದಲವೇ ಇಲ್ಲ. ಹಾಗಾಗಿ ಹೀಗೆ ಮಾಡಿದೆವು: ಡಿಸ್ಚಾರ್ಜ್ ಆಯಿತು ಅಂತ ಸಿಸ್ಟರ್ ಹೇಳಿ ಶೀಟ್ ತೆಗೆಸುವಾಗ ಫ್ಲೋಮೀಟರ್ ಅನ್ನೂ ಗೋಡೆಯಿಂದ ಕಿತ್ತು ನರ್ಸಿಂಗ್ ಸ್ಟೇಷನ್‌ನ ಟ್ರೇನಲ್ಲಿ ಇಡುವುದು. ಗೋಡೆಯಲ್ಲಿ ಫ್ಲೋಮೀಟರ್ ಇದ್ದರೆ ಅಲ್ಲಿ ಆಕ್ಸಿಜನ್ ಬೇಕಾದ ರೋಗಿ ಇರಬೇಕು, ಇಲ್ಲದಿದ್ದರೆ ಅದು ಅಲ್ಲಿ ಇರಬಾರದು. ವಾರ್ಡ್ ಬಾಗಿಲಲ್ಲಿ ನಿಂತರೇ ಕಾಣುತ್ತದೆ, ಬಗ್ಗಿ ಗುಂಡು ನೋಡುವ ಕೆಲಸ ಇಲ್ಲ. ತುರ್ತಿಗೆ ಅಂತ ಬಾಗಿಲ ಹತ್ತಿರದ ಎರಡು ಹಾಸಿಗೆಗಳಲ್ಲಿ ಮಾತ್ರ ಯಾವಾಗಲೂ ಸಿಕ್ಕಿಸಿಯೇ ಇರುತ್ತದೆ, ಡಾಕ್ಟರ್ ಹಟ ಹಿಡಿದು ಹೇಳಿದ್ದು, ಸರಿಯಾಗಿಯೇ ಹೇಳಿದರು.

ಇದಕ್ಕೂ ಒಂದು ಖರ್ಚು ಇದೆ, ಮುಚ್ಚಿಡುವುದಿಲ್ಲ. ದಿನಾ ಕಿತ್ತು ಹಾಕಿ ಮಾಡಿದರೆ ಓ ರಿಂಗ್ ಬೇಗ ಸವೆಯುತ್ತದೆ. ಮುಂದಿನ ಆರು ತಿಂಗಳಲ್ಲಿ 9 ರಿಂಗ್ ಬದಲಾಯಿಸಿದೆ. ಆರು ತಿಂಗಳಿಗೊಮ್ಮೆ ಎಲ್ಲ ಔಟ್‌ಲೆಟ್‌ಗೂ ದ್ರಾವಣ ಹಚ್ಚಿ ನೋಡುವುದು ಈಗ ಕಾಯಂ ಕೆಲಸ. ರಿಂಗ್ ಒಂದರ ಬೆಲೆ ಒಂದು ಕಾಫಿ ದುಡ್ಡು, ಆದರೂ ಪರ್ಚೇಸ್‌ನವರಿಂದ ಬಿಡಿಸಿಕೊಳ್ಳಲು ಮೂರು ಸಹಿ ಬೇಕು. ಈ ಲೇಖನ ಬರೆಯುವಾಗಲೂ 9ನೇ ಹಾಸಿಗೆಯದು ಒಂದು ಬಾಕಿ ಇದೆ.

ಮೂರು ವಾರ ಕಳೆದ ಮೇಲೆ ಬ್ಯಾಂಕ್ 31 ಗಂಟೆಗೆ ಬಂತು. ಕೆಲವು ದಿನ 29. ಪೂರ್ತಿ 32 ಯಾವಾಗಲೂ ಬರುವುದಿಲ್ಲ. ಅಕೌಂಟ್ಸ್‌ನವರು ಆಗಸ್ಟ್ ಬಿಲ್ ನೋಡಿ 'ಈಗ ಸರಿಹೋಯ್ತು ನೋಡಿ' ಅಂದರು, ಅವರೇ ಸರಿಮಾಡಿದ ಹಾಗೆ. ಹುಡುಗನ ವಿಷಯ ಯಾರೂ ಎತ್ತಲಿಲ್ಲ. ನಾನೇ ಅಡ್ಮಿನ್ ಹತ್ತಿರ ಹೋಗಿ, ಕರೆದು ಕೂರಿಸಿಕೊಂಡವರೇ ಒಂದು ಮಾತು ಹೇಳಬೇಕು ಸಾರ್ ಅಂದೆ. ನೋಡೋಣ ಅಂದರು. ದಸರಾಕ್ಕೆ ಮೊದಲೇ ಅವನು ಕೆಲಸ ಬಿಟ್ಟ, ಈಗ ಬೆಂಗಳೂರಿನಲ್ಲಿ ಲಿಫ್ಟ್ ಸರ್ವಿಸ್ ಮಾಡುತ್ತಿದ್ದಾನೆ, ಸಂಬಳವೂ ಜಾಸ್ತಿಯಂತೆ. ಹೋಗುವ ದಿನ ಮ್ಯಾನಿಫೋಲ್ಡ್ ಕೀಲಿಯನ್ನು ನನ್ನ ಕೈಗೆ ಕೊಡಲಿಲ್ಲ. ಅಡ್ಮಿನ್ ಟೇಬಲ್ ಮೇಲೆ ಇಟ್ಟು, ಪುಸ್ತಕದಲ್ಲಿ ಬರೆಸಿಕೊಂಡು, ಸಹಿ ಹಾಕಿಸಿಕೊಂಡು ಹೋದ.

ನಾನು ಈಗಲೂ ರಾತ್ರಿ ಡ್ಯೂಟಿ ಇದ್ದಾಗ ಎರಡು ಗಂಟೆಗೆ ಒಂದು ಸುತ್ತು ಹಾಕುತ್ತೇನೆ. ಮೊನ್ನೆ ಎರಡನೇ ಮಹಡಿಯ ಆಯಾ ಎದುರಿಗೆ ಬಂದು ಸೆರಗಿನ ಮರೆಯಿಂದ ಒಂದು ಫ್ಲೋಮೀಟರ್ ತೆಗೆದು ಕೈಗಿಟ್ಟರು. 'ಹನ್ನೆರಡನೇ ಬೆಡ್ಡಲ್ಲಿ ಸುಮ್ನೆ ಉಸಿರಾಡ್ತಾ ಕೂತಿತ್ತು ಕಣಣ್ಣ, ಕಿತ್ಕೊಂಡು ಬಂದೆ' ಅಂದರು. ಟ್ರೇನಲ್ಲಿ ಇಡಿ ಅಕ್ಕ, ನನಗ್ಯಾಕೆ ಅಂದೆ. 'ಟ್ರೇ ತುಂಬಿದೆ' ಅಂದರು.